ಆಟದ ಕೊಲೆಯೂ ಅಂತರಂಗದ ಶುದ್ಧಿಯೂ

ಬಸವಣ್ಣನವರು ಮನುಷ್ಯನ ಶೀಲವನ್ನೆಲ್ಲ ಏಳು ನಿಷೇಧಗಳಲ್ಲಿ ಅಡಕಮಾಡಿ ಬೋಧಿಸಿರುವುದು ಶರಣಬಂಧುಗಳೆಲ್ಲರಿಗೂ ವಿದಿತವಾದ ಸಂಗತಿ. ಆ ಏಳರಲ್ಲಿ ಜೀವಹಿಂಸೆಯ ನಿಷೇಧವು ಎರಡನೆಯದು. ಕೋಪದ ನಿಷೇಧವು ನಾಲ್ಕನೆಯದು. ಕೊಲೆಯು ಕೈಯ ಕೃತ್ಯ, ಕೋಪವು ಮನಸ್ಸಿನ ವಿಕಾರ. ಮೊದಲನೆಯದನ್ನು ರಾಜದಂಡವು ಶಿಕ್ಷಿಸಬಲ್ಲುದು. ಎರಡನೆಯದನ್ನು ಹಿಡಿದು ತರುವ ಆರಕ್ಷಕನು ಎಲ್ಲಿಯೂ ಇಲ್ಲ. ಹಾಗಿದ್ದರೂ ಬಸವಣ್ಣನವರು ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ಒಳಗಿನ ಶುದ್ಧಿಯೂ ಹೊರಗಿನ ಶುದ್ಧಿಯೂ ಇದೇ ಎಂದು ನಿರ್ಣಯಿಸಿದರು. ಇಂದು ಗೃಹಸ್ಥರನ್ನು ಕಾಡುತ್ತಿರುವ ಒಂದು ಪ್ರಶ್ನೆಗೆ ಈ ನಿರ್ಣಯದಲ್ಲಿಯೇ ಸಮಾಧಾನವಿದೆಯೆಂದು ತೋರುತ್ತದೆ. ಆ ಪ್ರಶ್ನೆ ಯಾವುದೆಂದರೆ: ಮೊಬೈಲಿನ ಪರದೆಯ ಮೇಲೆ ದಿನವೂ ನೂರಾರು ಜನರನ್ನು ಕೊಂದು ಆಡುವ ಹುಡುಗನು ಮುಂದೆ ನಿಜವಾಗಿಯೂ ಕೊಲ್ಲುವವನಾಗುವನೇ?

ಈ ಪ್ರಶ್ನೆ ದೊಡ್ಡ ಪಟ್ಟಣಗಳಿಗೆ ಮಾತ್ರ ಸೇರಿದುದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದಾಗ, ಪಾಠವು ಮೊಬೈಲಿನ ಮೂಲಕ ಮನೆಗೆ ಬಂದಿತು. ತಂದೆಯು ರೇಷ್ಮೆಗೂಡು ಹೊತ್ತು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮನೆಯಲ್ಲಿ, ತಾಯಿಯು ನೂಲು ಬಿಚ್ಚುವ ಕೆಲಸಕ್ಕೆ ಕುಳಿತ ಮನೆಯಲ್ಲಿ, ಚಿಂತಾಮಣಿ ಗೌರಿಬಿದನೂರುಗಳ ಹಳ್ಳಿಗಳ ಒಕ್ಕಲುಮನೆಗಳಲ್ಲಿ, ಬಾಲಕನ ಕೈಗೆ ಆ ಯಂತ್ರವನ್ನು ಹಿರಿಯರೇ ಇತ್ತರು. ಶಾಲೆಗಳು ಮರಳಿ ತೆರೆದವು. ಕೈಗೆ ಬಂದ ಯಂತ್ರ ಮಾತ್ರ ಮರಳಲಿಲ್ಲ. ಪಾಠವಿದ್ದ ಕಡೆಯಲ್ಲಿ ಆಟವು ಬಂದು ನೆಲಸಿತು. ಅವುಗಳಲ್ಲಿ ಬಹು ಪ್ರಸಿದ್ಧವಾದ ಪಬ್‌ಜಿ ಎಂಬ ಆಟದಲ್ಲಿ ನೂರು ಮಂದಿ ಆಟಗಾರರು ಒಂದು ದ್ವೀಪದಲ್ಲಿ ಇಳಿದು, ಒಬ್ಬರನ್ನೊಬ್ಬರು ಕೊಲ್ಲುತ್ತ ಹೋಗಿ, ಕಟ್ಟಕಡೆಗೆ ಉಳಿದವನೇ ವಿಜಯಿಯೆನಿಸುತ್ತಾನೆ.

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಬಳಿಯ ಕಾಕತಿ ಗ್ರಾಮದಲ್ಲಿ, ಹಗಲಿರುಳೂ ಈ ಆಟದಲ್ಲಿ ಮುಳುಗಿದ್ದ ಯುವಕನೊಬ್ಬನು ತನ್ನನ್ನು ತಡೆಯಲು ಬಂದ ತಂದೆಯನ್ನೇ ಕೊಂದನು. ನಾಡಿಗೆ ನಾಡೇ ನಡುಗಿತು. ಆಟವೇ ಈ ಪಿತೃಹತ್ಯೆಗೆ ಕಾರಣವೆಂದು ಎಲ್ಲರೂ ಸಾರಿದರು. ಮರುವರ್ಷ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಪಬ್‌ಜಿಯೂ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತಾದರೂ, ಅದಕ್ಕೆ ಕೊಟ್ಟ ಕಾರಣವು ದೇಶದ ಭದ್ರತೆ ಮತ್ತು ಪ್ರಜೆಗಳ ಮಾಹಿತಿಯ ರಕ್ಷಣೆಯೇ ಹೊರತು ಹಿಂಸೆಯಲ್ಲ. 2021ರಲ್ಲಿ ಅಂಥದೇ ಆಟವು ಬೇರೊಂದು ಹೆಸರಿನಿಂದ ಮರಳಿ ಬಂದಿತು. ಎಂದ ಮೇಲೆ ಈ ಧರ್ಮಪ್ರಶ್ನೆಯನ್ನು ಸರ್ಕಾರವು ನಿರ್ಣಯಿಸಿತೆಂದು ಹೇಳಲಾಗದು. ಅದು ವಿಚಾರವಂತರ ಪಾಲಿಗೇ ಉಳಿದಿದೆ.

ಆಟವನ್ನು ದೂಷಿಸುವವರು ಭ್ರಮರಕೀಟನ್ಯಾಯವನ್ನು ಮುಂದಿಡುತ್ತಾರೆ. ಕಣಜವು ಕೀಟವನ್ನು ತಂದು ಮಣ್ಣಿನ ಗೂಡಿನಲ್ಲಿಡುತ್ತದೆ. ಕೀಟವು ಕಣಜವನ್ನೇ ನೆನೆನೆನೆದು ಕಡೆಗೆ ಕಣಜವೇ ಆಗುತ್ತದೆ ಎಂಬುದು ಈ ನ್ಯಾಯ. ಭಕ್ತನು ಲಿಂಗವನ್ನು ಧ್ಯಾನಿಸಿ ಲಿಂಗವೇ ಆಗುವನೆಂಬುದನ್ನು ತಿಳಿಸಲು ಹಿರಿಯರು ಇದನ್ನು ಬಳಸಿದರು. ಹಾಗಾದರೆ ಕೊಲೆಯನ್ನೇ ಧ್ಯಾನಿಸುವವನು ಕೊಲೆಗಾರನಾಗಬೇಡವೇ ಎಂಬುದು ಇವರ ವಾದ. ಮೇಲುನೋಟಕ್ಕೆ ಇದು ಬಲವಾಗಿಯೇ ಕಾಣುತ್ತದೆ.

ಆದರೆ ಒಂದು ವಸ್ತುವನ್ನು ಇನ್ನೊಂದಕ್ಕೆ ಕಾರಣವೆನ್ನಬೇಕಾದರೆ ಅನ್ವಯ ವ್ಯತಿರೇಕಗಳೆರಡೂ ಕೂಡಿಬರಬೇಕೆಂದು ತಾರ್ಕಿಕರು ಹೇಳುತ್ತಾರೆ. ಅದು ಇದ್ದಲ್ಲಿ ಇದು ಇರಬೇಕು. ಅದು ಇಲ್ಲದಲ್ಲಿ ಇದು ಇರಬಾರದು. ಮೊದಲು ಅನ್ವಯವನ್ನು ನೋಡೋಣ. ಈ ಆಟಗಳನ್ನು ಆಡುವವರು ಲೋಕದಲ್ಲಿ ಕೋಟಿಕೋಟಿ. ಅವರಲ್ಲಿ ಒಂದು ಇರುವೆಯನ್ನೂ ತುಳಿಯಲು ಅಂಜುವ ಮಕ್ಕಳೇ ಬಹುಮಂದಿ. ಆಕ್ಸ್‌ಫರ್ಡ್ ವಿದ್ವಾಂಸರು 14–15 ವರ್ಷದ ಸುಮಾರು 1000 ಬ್ರಿಟಿಷ್ ಬಾಲಕ ಬಾಲಕಿಯರನ್ನೂ ಅವರ ಪೋಷಕರನ್ನೂ ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲ ನಡತೆಗೂ ಸಂಬಂಧವು ಕಂಡುಬರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು 2015ರಲ್ಲಿ ಬೇರೊಂದು ಬಗೆಯಾಗಿ ಹೇಳಿತು: ಇಂಥ ಆಟಗಳಿಂದ ಆಕ್ರಮಣಶೀಲತೆ ಕೊಂಚ ಹೆಚ್ಚುವುದೂ ಪರರ ನೋವಿಗೆ ಮರುಗುವ ಗುಣ ಕೊಂಚ ಕುಗ್ಗುವುದೂ ಉಂಟು, ಆದರೆ ಅವುಗಳಿಂದ ಕೊಲೆ ಮೊದಲಾದ ಘೋರ ಅಪರಾಧಗಳು ಹುಟ್ಟುತ್ತವೆ ಎನ್ನಲು ಸಾಕಷ್ಟು ಪ್ರಮಾಣವಿಲ್ಲ. 2020ರಲ್ಲಿಯೂ ಅದು ಇದೇ ಮಾತನ್ನು ದೃಢಪಡಿಸಿತು. ವಿದ್ವಾಂಸರು ಸಣ್ಣ ವಿಷಯದಲ್ಲಿ ಭಿನ್ನಾಭಿಪ್ರಾಯ ಹೊಂದಿದ್ದರೂ, ಆಟವು ತಾನೊಂದೇ ನಿಂತು ಕೊಲೆಗಾರನನ್ನು ನಿರ್ಮಿಸುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದಾಯಿತು.

ಇನ್ನು ವ್ಯತಿರೇಕ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಅನೇಕರು ಪ್ರಾಣವನ್ನು ತೆತ್ತರು. ಅಂದು ಯಾವ ಪರದೆಯ ಆಟವಿತ್ತು? ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಮಿಠಾಯಿ ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ಬಗೆದು ಜನರ ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ಒಬ್ಬನು ಅಲ್ಲಿಯೇ ಅಸುನೀಗಿದನು. ಅಲ್ಲಿಯೂ ಮೊಬೈಲು ಇದ್ದಿತು. ಆದರೆ ಅದರಲ್ಲಿ ಆಟವಿರಲಿಲ್ಲ, ಹುಸಿ ಸುದ್ದಿ ಇದ್ದಿತು. ಅದನ್ನು ನಂಬಿ ಹರಡಿದವರು ಬಾಲಕರಲ್ಲ, ಬೆಳೆದವರು. ಹುಸಿಯ ನಿಷೇಧವು ಬಸವಣ್ಣನವರ ಗಣನೆಯಲ್ಲಿ ಕೊಲೆಗೂ ಕೋಪಕ್ಕೂ ನಡುವೆ ನಿಂತಿರುವುದನ್ನು ವಾಚಕರು ಗಮನಿಸಬೇಕು. ಮಕ್ಕಳ ಕೈಯ ಆಟವನ್ನು ಕಂಡು ಬೆಚ್ಚುವ ಹಿರಿಯರು ತಮ್ಮ ಕೈಯ ಸುಳ್ಳನ್ನು ಕಂಡು ಬೆಚ್ಚುವುದಿಲ್ಲವೆಂಬುದು ಈ ಕಾಲದ ವಿಪರ್ಯಾಸ.

ಕಾಕತಿಯ ದುರಂತವನ್ನೇ ಮತ್ತೊಮ್ಮೆ ಪರಿಶೀಲಿಸೋಣ. ಆ ಯುವಕನು ಆಟದಲ್ಲಿ ಕಂಡ ಕೊಲೆಯನ್ನು ಮನೆಯಲ್ಲಿ ಅನುಕರಿಸಹೊರಟನೇ? ಹಾಗೆ ತೋರುವುದಿಲ್ಲ. ತನಗೆ ಪ್ರಿಯವಾದುದಕ್ಕೆ ಅಡ್ಡಿ ಬಂದಾಗ ಕೆರಳಿದನು. ವಿಷಯವನ್ನು ಚಿಂತಿಸುವವನಿಗೆ ಸಂಗವೂ, ಸಂಗದಿಂದ ಕಾಮವೂ, ಕಾಮಕ್ಕೆ ತಡೆಯುಂಟಾದಾಗ ಕ್ರೋಧವೂ, ಕ್ರೋಧದಿಂದ ಸಮ್ಮೋಹವೂ ಹುಟ್ಟಿ ಕಡೆಗೆ ಬುದ್ಧಿಯೇ ನಾಶವಾಗುವುದೆಂದು ಗೀತೆಯ ಎರಡನೆಯ ಅಧ್ಯಾಯವು ಸಾರುತ್ತದೆ. ಈ ಸರಪಳಿಯಲ್ಲಿ ವಿಷಯವು ಕೊಲೆಯ ಚಿತ್ರವೇ ಆಗಿರಬೇಕೆಂಬ ನಿಯಮವಿಲ್ಲ. ಮದ್ಯಕ್ಕೆ ಹಣ ಕೊಡದ ತಾಯಿಯನ್ನು ಹೊಡೆಯುವವನ ಕೈಯಲ್ಲಿಯೂ ಇದೇ ಸರಪಳಿ. ಅಂಗೈಯಗಲ ಭೂಮಿಗಾಗಿ ಅಣ್ಣನ ಮೇಲೆ ಮಚ್ಚೆತ್ತುವ ತಮ್ಮನ ಕೈಯಲ್ಲಿಯೂ ಇದೇ ಸರಪಳಿ. ಆದುದರಿಂದ ಹಿಂಸೆಗೆ ಮೂಲವು ಆಸಕ್ತಿಯೂ ಅಂಕೆಯಿಲ್ಲದ ಕ್ರೋಧವೂ ಆಗಿದ್ದು, ಆಟವು ಹೆಚ್ಚೆಂದರೆ ಸಹಕಾರಿಯಾಗಬಲ್ಲುದೇ ಹೊರತು ಮೂಲಕಾರಣವಾಗಲಾರದು.

ಹಾಗಾದರೆ ಆಟವು ನಿರ್ದೋಷವೆಂದು ಬಿಟ್ಟುಬಿಡೋಣವೇ? ಇಲ್ಲಿಯೇ ನ್ಯಾಯಾಲಯದ ವಿಚಾರವು ಮುಗಿದು ಶರಣರ ವಿಚಾರವು ಆರಂಭವಾಗುತ್ತದೆ. ಕೊಲೆ ಆಯಿತೇ ಎಂದು ನ್ಯಾಯಾಲಯ ಕೇಳುತ್ತದೆ. ದಯೆ ಉಳಿಯಿತೇ ಎಂದು ಶರಣರು ಕೇಳುತ್ತಾರೆ. ಕೊಲ್ಲದೆ ಇರುವುದು ಧರ್ಮದ ಮೊದಲ ಮೆಟ್ಟಿಲು. ಸಕಲ ಪ್ರಾಣಿಗಳಲ್ಲಿ ದಯೆಯಿರುವುದೇ ಧರ್ಮದ ಬೇರು.

ನಮ್ಮ ಪುರಾಣ ನಾಟಕಗಳಲ್ಲಿ ಕೊಲೆಯಿಲ್ಲವೇ ಎಂದು ಕೇಳುವವರುಂಟು. ಇದು ಸಾಧುವಾದ ಪ್ರಶ್ನೆ. ಚಿಂತಾಮಣಿ ತಾಲ್ಲೂಕಿನ ಕೈವಾರವೇ ಏಕಚಕ್ರನಗರವೆಂದೂ, ಭೀಮನು ಬಕಾಸುರನನ್ನು ಕೊಂದುದು ಅಲ್ಲಿಯೇ ಎಂದೂ ಹೇಳುವ ಸ್ಥಳಪುರಾಣವನ್ನು ಈ ಸೀಮೆಯ ಮಕ್ಕಳು ಕಥೆಯಾಗಿ ಕೇಳುತ್ತಾರೆ. ಹಳ್ಳಿಯ ರಂಗದ ಮೇಲೆ ಕುರುಕ್ಷೇತ್ರ ನಾಟಕವು ಬೆಳತನಕ ನಡೆಯುತ್ತದೆ. ಜಾತ್ರೆಯಲ್ಲಿ ವೀರಗಾಸೆಯವರು ಕತ್ತಿ ಹಿಡಿದು, ಒಡಪು ಹೇಳುತ್ತ, ದಕ್ಷನ ಶಿರಚ್ಛೇದವನ್ನು ಕುಣಿಯುತ್ತಾರೆ. ಇದನ್ನೆಲ್ಲ ಕಂಡ ಮಕ್ಕಳು ಕತ್ತಿ ಹಿಡಿದು ಬೀದಿಗೆ ಇಳಿಯಲಿಲ್ಲ.

ಆದರೆ ಅಲ್ಲಿ ಕಥೆಯು ಕೊಲೆಯಲ್ಲಿಯೇ ನಿಲ್ಲುವುದಿಲ್ಲವೆಂಬುದನ್ನು ನೋಡಬೇಕು. ವೀರಭದ್ರನು ಕಡಿದ ದಕ್ಷನ ಮುಂಡಕ್ಕೆ ಶಿವನು ಟಗರಿನ ತಲೆಯನ್ನಿತ್ತು ಬದುಕಿಸುತ್ತಾನೆ. ರೌದ್ರವು ಅನುಗ್ರಹದಲ್ಲಿ ಕೊನೆಗೊಳ್ಳುತ್ತದೆ. ಕುರುಕ್ಷೇತ್ರದ ಕಡೆಗೆ ಗಾಂಧಾರಿಯ ಗೋಳಿದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದು ತನ್ನವರನ್ನು ಕಂಡು ಮರುಗುವುದನ್ನು ಓದಿದವನು ವೈರಿಗಾಗಿಯೂ ಕಣ್ಣೀರು ತರುತ್ತಾನೆ. ವಧೆಯನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದು ದಶರೂಪಕಕಾರನು ವಿಧಿಸಿದುದೂ ಇಂಥ ಎಚ್ಚರದಿಂದಲೇ ಇರಬೇಕು. ಅದಲ್ಲದೆ ಅಲ್ಲಿ ಬಾಲಕನು ಪ್ರೇಕ್ಷಕ. ಪಕ್ಕದಲ್ಲಿ ಅಜ್ಜಿ ಇದ್ದಾಳೆ, ಊರಿದೆ, ಕೇಳಿದರೆ ಅರ್ಥ ಹೇಳುವವರಿದ್ದಾರೆ. ಮೊಬೈಲಿನ ಆಟದಲ್ಲಿ ಬಾಲಕನು ಪ್ರೇಕ್ಷಕನಲ್ಲ, ಕರ್ತೃ. ಸತ್ತವನಿಗೆ ತಾಯಿಯಿಲ್ಲ, ಅವನಿಗಾಗಿ ಅಳುವವರಿಲ್ಲ. ಕೊಂದುದಕ್ಕೆ ಅಂಕಗಳುಂಟು, ಪಶ್ಚಾತ್ತಾಪಕ್ಕೆ ಎಡೆಯಿಲ್ಲ. ತಾನು ಸತ್ತರೂ ಮರುಕ್ಷಣವೇ ಹೊಸ ಆಟದಲ್ಲಿ ಏಳುತ್ತಾನೆ. ಹಿಂಸೆಯನ್ನು ಅದರ ಫಲದಿಂದ ಬೇರ್ಪಡಿಸಿ ಕೊಡುವುದೇ ಈ ಆಟದ ದೋಷ.

ಚದುರಂಗದಲ್ಲಿ ಬಿದ್ದ ಕಾಲಾಳಿಗಾಗಿ ಯಾರು ಅಳುತ್ತಾರೆ ಎಂದು ಮತ್ತೆ ಕೇಳಬಹುದು. ನಿಜ, ಯಾರೂ ಅಳುವುದಿಲ್ಲ. ಚದುರಂಗವಾಡಿದವನು ಎದ್ದು ಹೊಲಕ್ಕೆ ಹೋಗುತ್ತಿದ್ದನು, ಪೂಜೆಗೆ ಕುಳಿತುಕೊಳ್ಳುತ್ತಿದ್ದನು, ನೆರೆಯವನ ಕಷ್ಟಕ್ಕೆ ಓಡುತ್ತಿದ್ದನು. ಆಟದಲ್ಲಿ ಕಲಿಯದ ಮರುಕವನ್ನು ಬದುಕಿನಲ್ಲಿ ಕಲಿಯುತ್ತಿದ್ದನು. ಈಗ ಭ್ರಮರಕೀಟನ್ಯಾಯದ ನಿಜವಾದ ಅರ್ಥವು ಹೊಳೆಯುತ್ತದೆ. ಕೀಟವು ಕಣಜವಾಗುವುದು ಕಣಜವನ್ನು ಒಮ್ಮೆ ಕಂಡಮಾತ್ರದಿಂದಲ್ಲ. ಮುಚ್ಚಿದ ಗೂಡಿನಲ್ಲಿ ಅದಕ್ಕೆ ಬೇರೇನೂ ಕಾಣದಿರುವುದರಿಂದ. ಅಂತೆಯೇ ಭಯವಿರುವುದು ಆಟದ ಚಿತ್ರದಲ್ಲಿ ಅಷ್ಟಾಗಿ ಅಲ್ಲ, ಬಾಲಕನನ್ನು ಸುತ್ತಿಕೊಂಡ ಗೂಡಿನಲ್ಲಿ.

ವೈದ್ಯರ ಮಾತೂ ಇದಕ್ಕೆ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವನ್ನೂ ಸೇರಿಸಿದೆ. ಅದರ ಲಕ್ಷಣಗಳು ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಅದೇ ಮೇಲಾಗುವುದು, ಕೇಡು ಕಂಡರೂ ಬಿಡಲಾಗದಿರುವುದು. ಅಲ್ಲಿ ಬಂದೂಕದ ಆಟವೇ ಎಂಬ ಭೇದವಿಲ್ಲ. ಗೂಡು ಮುಚ್ಚಿದೆಯೇ ಎಂಬುದೊಂದೇ ಪರೀಕ್ಷೆ. ಇಂಥವರ ಚಿಕಿತ್ಸೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಮನೆಯ ಮಾತಿಗೆ ಬಗ್ಗದಷ್ಟು ವ್ಯಸನವು ಬಲಿತಿದ್ದರೆ, ಜ್ವರಕ್ಕೆ ವೈದ್ಯರ ಬಳಿಗೆ ಹೋಗುವಂತೆ ಇದಕ್ಕೂ ಹೋಗಬೇಕು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಗೂಡನ್ನು ತೆರೆಯುವ ಬಗೆ ಹೇಗೆ? ಬಹುಮಂದಿ ತಂದೆಯರು ಅದನ್ನು ಒಡೆಯಲು ಹೋಗುತ್ತಾರೆ. ಯಂತ್ರವನ್ನು ಕಸಿದು ನೆಲಕ್ಕಪ್ಪಳಿಸುತ್ತಾರೆ. ಮಗನ ಕೆನ್ನೆಗೆ ಬಾರಿಸುತ್ತಾರೆ. ಹಿಂಸೆ ಕೆಟ್ಟದೆಂಬ ಪಾಠವು ಹೀಗೆ ಹಿಂಸೆಯ ಮೂಲಕವೇ ಆರಂಭವಾಗುತ್ತದೆ. ದೇಹದಲ್ಲಿ ತೋರುವ ಕೋಪವು ಹಿರಿಯತನವನ್ನು ಕೆಡಿಸುವುದೆಂದೂ, ಮನಸ್ಸಿನಲ್ಲಿ ಉರಿಯುವ ಕೋಪವು ಅರಿವನ್ನು ಕೆಡಿಸುವುದೆಂದೂ ಬಸವಣ್ಣನವರು ಬೇರೊಂದೆಡೆ ಬೋಧಿಸಿದ್ದಾರೆ. ಕೈಯೆತ್ತಿದ ಕ್ಷಣದಲ್ಲಿ ತಂದೆಯ ಹಿರಿಯತನ ಹೋಯಿತು. ಕೆರಳಿದ ಕ್ಷಣದಲ್ಲಿ ಮಗನ ಅರಿವು ಹೋಯಿತು. ಮನೆಯೊಳಗೆ ಇಬ್ಬರೂ ಕುರುಡರಾದರು. ಮಕ್ಕಳು ಕೋಪವನ್ನು ಪರದೆಯಿಂದ ಕಲಿಯುವುದಕ್ಕಿಂತ ಮೊದಲೇ ಮನೆಯ ಹಿರಿಯರ ಮುಖದಿಂದ ಕಲಿಯುತ್ತಾರೆ.

ಆದಕಾರಣ ಮೊದಲು ಹಿರಿಯರು ತಮ್ಮ ಕೋಪವನ್ನು ಅರಿಯಬೇಕು. ಆ ಬಳಿಕ ಮಕ್ಕಳ ಆಟವನ್ನು ಪ್ರಶ್ನಿಸಬೇಕು. ಎಳೆಯ ಮಕ್ಕಳ ಕೈಗೆ ಕೊಲೆಯ ಆಟ ಬೇಡವೆನ್ನುವುದು ಸರಿಯೇ. ಆದರೆ ಬೇಡವೆಂದವರು ಬೇಕಾದುದನ್ನೂ ಕೊಡಬೇಕು. ಸಂಜೆಯ ಹೊತ್ತು ಬಯಲಿನ ಆಟ, ದನಕರುಗಳ ಆರೈಕೆ, ದಾಸೋಹದಲ್ಲಿ ಬಡಿಸುವ ಕೆಲಸ, ಕಾಯಿಲೆಯವರ ಬಳಿ ಕೂರುವ ಅಭ್ಯಾಸ, ಇವುಗಳಲ್ಲಿ ತೊಡಗಿದ ಬಾಲಕನಿಗೆ ನೋವೆಂದರೇನೆಂದು ತಿಳಿಯುತ್ತದೆ. ಹಸಿದವನ ಎಲೆಗೆ ಅನ್ನ ಬಡಿಸಿದ ಕೈಯು ಪರದೆಯ ಮೇಲೆ ಗುಂಡು ಹಾರಿಸಿತೆಂದ ಮಾತ್ರಕ್ಕೆ ಕ್ರೂರವಾಗದು. ಯಾರಿಗೂ ಏನನ್ನೂ ಬಡಿಸದ ಕೈಯು ಯಾವ ಆಟವಾಡದಿದ್ದರೂ ಕ್ರೂರವಾಗಬಲ್ಲುದು.

ವೀರಶೈವರ ಮನೆಯಲ್ಲಿ ಅಂಗೈಯು ಇಷ್ಟಲಿಂಗದ ಪೀಠ. ಎಡದ ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು, ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿ, ಕದಡಿದ ಮನಸ್ಸನ್ನು ತಿಳಿಗೊಳಿಸುವ ಅಭ್ಯಾಸವನ್ನು ಹಿರಿಯರು ಕರುಣಿಸಿದ್ದಾರೆ. ಅದೇ ಅಂಗೈಯಲ್ಲಿ, ಅದೇ ದೃಷ್ಟಿಯ ಮುಂದೆ, ಇಂದು ಮೊಬೈಲು ಕುಳಿತಿದೆ. ದಿನಕ್ಕೆ ಒಂದು ಗಳಿಗೆಯಾದರೂ ಅದನ್ನು ಕೆಳಗಿರಿಸಿ, ತಂದೆಯೂ ಮಗನೂ ಒಂದೇ ಮಣೆಯ ಸಾಲಿನಲ್ಲಿ ಪೂಜೆಗೆ ಕುಳಿತರೆ ಗೂಡಿನ ಬಾಗಿಲು ತಾನಾಗಿಯೇ ತೆರೆಯುತ್ತದೆ. ಮಗನಿಗೆ ಮಾತ್ರ ಕೆಳಗಿಡೆಂದು ಹೇಳಿ, ತಂದೆಯು ತನ್ನದನ್ನು ಕೈಯಲ್ಲಿಯೇ ಹಿಡಿದಿದ್ದರೆ ಅದು ತೆರೆಯಲಾರದು.