ಪ್ರಸಾದಕಾಯವೂ ಧೂಮವ್ಯಸನವೂ

ವೀರಶೈವ ಗೃಹಸ್ಥನ ಮನೆಯಲ್ಲಿ ಹೊತ್ತು ಮೂಡುವುದರೊಳಗೆ ಸ್ನಾನ, ವಿಭೂತಿಧಾರಣೆ, ಇಷ್ಟಲಿಂಗಪೂಜೆಗಳು ನಡೆಯುವುವು. ಕರಸ್ಥಲದಲ್ಲಿ ಲಿಂಗವನ್ನಿರಿಸಿಕೊಂಡು, ದೃಷ್ಟಿಯನ್ನು ಅದರಲ್ಲಿ ನೆಟ್ಟು, ಉಸಿರನ್ನು ಹದಗೊಳಿಸಿ ಕುಳಿತ ಭಕ್ತನು ಆ ಅರೆಗಳಿಗೆ ಲೋಕದ ತೊಡಕುಗಳನ್ನು ಮರೆತಿರುತ್ತಾನೆ. ಪೂಜೆ ಮುಗಿಯಿತು. ಲಿಂಗವು ಮರಳಿ ಎದೆಯ ಮೇಲೆ ನೆಲೆಸಿತು. ಪಡಸಾಲೆಗೆ ಬಂದ ಅದೇ ಭಕ್ತನು ಜೇಬಿನಿಂದ ಬೀಡಿಯೊಂದನ್ನು ತೆಗೆದು ಕಡ್ಡಿ ಗೀರಿದನೆಂದರೆ ಆ ಹೊಗೆ ಹೋಗುವುದೆಲ್ಲಿಗೆ? ಯಾವ ಎದೆಯ ಮೇಲೆ ಲಿಂಗವಿದೆಯೋ ಆ ಎದೆಯ ಒಳಗಡೆಗೇ ಹೋಗುತ್ತದೆ. ಹೊರಗೆ ಲಿಂಗ, ಒಳಗೆ ಹೊಗೆ, ನಡುವೆ ಒಂದು ಗೇಣಿನಷ್ಟೂ ಅಂತರವಿಲ್ಲ. ಬಾಗಿಲ ಮರೆಯಲ್ಲಿ ನಿಂತು ಇದನ್ನು ನೋಡುವ ಹತ್ತು ವರ್ಷದ ಮಗನು ಪೂಜೆಯನ್ನೂ ಕಲಿಯುತ್ತಾನೆ, ಬೀಡಿಯನ್ನೂ ಕಲಿಯುತ್ತಾನೆ. ಯಾವುದನ್ನು ಮೊದಲು ಕಲಿಯುವನೆಂಬುದನ್ನು ತಂದೆತಾಯಿಗಳೇ ಊಹಿಸಿಕೊಳ್ಳಬಹುದು.

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಲಿಂಗಕ್ಕೆ ಅರ್ಪಿತವಾಗದ ಯಾವುದನ್ನೂ ಅಂಗವು ಕೊಳ್ಳಬಾರದೆಂಬುದು ಅಲ್ಲಿಯ ನಿಯಮ. ಈ ಅರ್ಪಣವು ಉಣ್ಣುವ ಅನ್ನಕ್ಕೆ ಮಾತ್ರ ಸಂಬಂಧಿಸಿದುದೆಂದು ಹಲವರು ತಿಳಿದಿರುತ್ತಾರೆ. ಶರಣರ ಅಭಿಪ್ರಾಯವು ಇದಕ್ಕಿಂತ ಬಹಳ ವಿಶಾಲವಾದುದು. ಅವರು ಒಂದೊಂದು ಇಂದ್ರಿಯದಲ್ಲಿಯೂ ಒಂದೊಂದು ಲಿಂಗವನ್ನು ಕಂಡರು. ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ತ್ವಕ್ಕಿನಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಇವೆಲ್ಲಕ್ಕೂ ಮೊದಲನೆಯದಾದ ಆಚಾರಲಿಂಗಕ್ಕೆ ಅವರು ಕೊಟ್ಟ ನೆಲೆ ಘ್ರಾಣ, ಅಂದರೆ ಮೂಗು. ಅದಕ್ಕೆ ಸಲ್ಲುವ ಪದಾರ್ಥ ಗಂಧ. ಆಚಾರವು ಉಸಿರಿನ ಬಾಗಿಲಿನಿಂದಲೇ ಆರಂಭವಾಗುತ್ತದೆಂಬ ಈ ಮಾತನ್ನು ಧೂಮಪಾನಿಯಾದ ಭಕ್ತನು ಒಂದು ಸಲ ನಿಧಾನವಾಗಿ ಯೋಚಿಸಬೇಕು. ಕೊಳ್ಳುವುದಕ್ಕೆ ಮುನ್ನ ಅರ್ಪಿಸಬೇಕೆಂಬ ನಿಯಮವನ್ನು ಒಪ್ಪಿದ ಮೇಲೆ, ಸಿಗರೇಟನ್ನು ಲಿಂಗದ ಮುಂದಿರಿಸಲು ಯಾರ ಕೈಯಾದರೂ ಮುಂದೆ ಬಂದೀತೆ? ಬಾರದೆಂದರೆ ಉಳಿದ ವಾದವೆಲ್ಲ ವ್ಯರ್ಥ. ಲೋಬಾನದ ಧೂಪವೂ ಹೊಗೆಯೇ ಅಲ್ಲವೆ ಎಂದು ಚಮತ್ಕಾರದ ಮಾತಾಡುವವರುಂಟು. ಧೂಪವನ್ನು ಯಾರೂ ಗಂಟೆಗೊಮ್ಮೆ ಸೇದುವುದಿಲ್ಲ, ಸಿಗದಿದ್ದರೆ ಹೆಂಡತಿಯ ಮೇಲೆ ರೇಗುವುದೂ ಇಲ್ಲ.

ಹನ್ನೆರಡನೆಯ ಶತಮಾನದ ಶರಣರು ಹೊಗೆಸೊಪ್ಪಿನ ವಿಷಯವಾಗಿ ಏನೂ ಹೇಳಿಲ್ಲವೆಂಬುದು ನಿಜ. ಹೇಳುವುದಕ್ಕೆ ಆ ಸೊಪ್ಪು ಆಗ ಈ ನಾಡಿಗೆ ಬಂದಿರಲೇ ಇಲ್ಲ. ಅದು ಅಮೇರಿಕಾ ಖಂಡದ ಬೆಳೆ. ಪೋರ್ತುಗೀಜರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿಯಿತು. ಮೊಗಲ ಬಾದಶಹ ಅಕ್ಬರನ ದೂತನಾದ ಅಸದ್ ಬೇಗನು 1604ರ ಸುಮಾರಿಗೆ ಅದನ್ನು ಕಂಡು, ಕೊಂಡು, ಬಾದಶಹನ ಮುಂದೆ ಒಯ್ದಿರಿಸಿದ್ದು ಬಿಜಾಪುರದಿಂದ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯು ಆ ಊರಿಗೆ ದೂರದ್ದಲ್ಲ. ಶರಣರು ನಡೆದಾಡಿದ ನೆಲದಿಂದಲೇ ಈ ಸೊಪ್ಪು ಉತ್ತರದ ಅರಮನೆಗೆ ಹೋಯಿತೆಂಬುದು ಚರಿತ್ರೆಯ ಒಂದು ವಿಚಿತ್ರ. ಬರಬರುತ್ತ ಅದು ತಾಂಬೂಲದ ತಟ್ಟೆಯನ್ನೂ ಸೇರಿತು. ಮದುವೆಯ ಮನೆಯಲ್ಲಿ ಹಿರಿಯರ ಕೈಗೆ ಎಲೆಅಡಿಕೆಯೊಡನೆ ತಂಬಾಕನ್ನೂ ಕೊಡುವುದು ಮರ್ಯಾದೆಯೆನಿಸಿಕೊಂಡಿತು. ಹಳೆಯದೆಂದು ತೋರುವುದೆಲ್ಲ ಸಂಪ್ರದಾಯವಾಗುವುದಿಲ್ಲ.

ಸರಕಾರದ ಕಾನೂನುಗಳಿಗೆ ಕೊರತೆಯಿಲ್ಲ. 2003ರ ಕೇಂದ್ರದ ಕಾಯಿದೆಯು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ, ಶಾಲೆಗಳಿಂದ ನೂರು ಗಜದೊಳಗೆ ತಂಬಾಕಿನ ಮಾರಾಟವನ್ನೂ ನಿಷೇಧಿಸಿತು. 2013ರಲ್ಲಿ ಕರ್ನಾಟಕವು ಗುಟಕಾವನ್ನು ನಿಷೇಧಿಸಿದಾಗ, ವ್ಯಾಪಾರದ ಜಾಣ್ಮೆಯು ಅಡಿಕೆಯ ಚೀಟಿಯನ್ನು ಬೇರೆ, ತಂಬಾಕಿನ ಚೀಟಿಯನ್ನು ಬೇರೆ ಮಾಡಿ ಎರಡನ್ನೂ ಒಂದೇ ಮೊಳೆಗೆ ತೂಗುಹಾಕಿತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ ಇಪ್ಪತ್ತೊಂದು ವರ್ಷ ತುಂಬದವರಿಗೆ ತಂಬಾಕಿನ ಪದಾರ್ಥವನ್ನು ಮಾರಕೂಡದು; ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ದಂಡವು ಒಂದು ಸಾವಿರ ರೂಪಾಯಿವರೆಗೆ ಏರಿತು; ಹುಕ್ಕಾ ಅಂಗಡಿಗಳು ಮುಚ್ಚಬೇಕಾಯಿತು. ಇವುಗಳಿಂದ ಪ್ರಯೋಜನವಾಗಿಲ್ಲವೆನ್ನಲಾಗದು. 2009-10ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 28.2 ಮಂದಿ ತಂಬಾಕನ್ನು ಬಳಸುತ್ತಿದ್ದರು. 2016-17ರಲ್ಲಿ ಆ ಸಂಖ್ಯೆ 22.8ಕ್ಕೆ ಇಳಿಯಿತು. ಆದರೂ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಉಳಿದರಲ್ಲ. ಅವರಲ್ಲಿ ಸೇದುವವರಿಗಿಂತ ಅಗಿಯುವವರೇ ಅಧಿಕ. ಗಡಿಯಾಚೆಗೆ ಅಂಗಡಿಯನ್ನು ಸರಿಸುವುದು ಕಾನೂನಿನ ಕೈಯಲ್ಲಿದೆ. ಪಡಸಾಲೆಯ ಬೀಡಿಯನ್ನು ಆರಿಸುವುದು ಅದರ ಕೈಯಲ್ಲಿಲ್ಲ.

ಈಚಿನ ವರ್ಷಗಳಲ್ಲಿ ಹೊಸದೊಂದು ಪೀಡೆ ತರುಣರನ್ನು ಹಿಡಿದಿದೆ. ಅದಕ್ಕೆ ಇ-ಸಿಗರೇಟೆಂದೂ ವೇಪ್ ಎಂದೂ ಹೆಸರು. ನೋಡುವುದಕ್ಕೆ ಬರೆಯುವ ಪೆನ್ನಿನಂತೆಯೋ, ಗಣಕಯಂತ್ರಕ್ಕೆ ಚುಚ್ಚುವ ಪೆನ್ ಡ್ರೈವಿನಂತೆಯೋ ಇರುತ್ತದೆ. ಅದರೊಳಗೆ ಚಿಕ್ಕದೊಂದು ಬ್ಯಾಟರಿ, ಕಾಯುವ ತಂತಿಯ ಸುರುಳಿ, ನಿಕೋಟಿನ್ ಬೆರೆತ ದ್ರವ. ತಂತಿ ಕಾದಾಗ ದ್ರವವು ಆವಿಯಾಗಿ ಬಾಯಿಗೆ ಬರುತ್ತದೆ. ಮಾವಿನಹಣ್ಣಿನ, ಪುದೀನದ, ಮಿಠಾಯಿಯ ವಾಸನೆಗಳನ್ನು ಅದಕ್ಕೆ ಸೇರಿಸಿರುತ್ತಾರೆ. ಕೂಸಿಗೆ ಕಹಿಮದ್ದನ್ನು ಜೇನಿನಲ್ಲಿ ಕೊಡುವ ತಾಯಿಯ ಉಪಾಯವನ್ನೇ ಇಲ್ಲಿ ವಿಷ ಮಾರುವವರು ಕದ್ದಿದ್ದಾರೆ. ಬೂದಿ ಬೀಳದು, ಬಟ್ಟೆ ನಾರದು. ಹಿಂದಿನ ಕಾಲದ ತಾಯಿ ಮಗನ ಅಂಗಿಯನ್ನು ಒಗೆಯಲು ತೆಗೆದುಕೊಂಡಾಗ ವಾಸನೆಯಿಂದಲೇ ಸಂಗತಿಯನ್ನು ತಿಳಿಯುತ್ತಿದ್ದಳು. ಆಕೆಯ ಆ ಪರೀಕ್ಷೆಯೊಂದು ಈಗ ನಡೆಯದಂತಾಗಿದೆ.

ಇದರಲ್ಲಿ ಹೊಗೆಯಿಲ್ಲ, ಆದಕಾರಣ ಹಾನಿಯಿಲ್ಲವೆಂದು ಹುಡುಗರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಾರೆ. ಸಿಗರೇಟಿನ ಹೊಗೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ರಾಸಾಯನಿಕಗಳಿದ್ದು, ಅರ್ಬುದವನ್ನು ಹುಟ್ಟಿಸುವಂಥವು ಅವುಗಳಲ್ಲಿ ಎಪ್ಪತ್ತರ ಸುಮಾರು ಇವೆ. ವೇಪಿನ ಆವಿಯಲ್ಲಿ ಅಷ್ಟು ಇಲ್ಲವೆಂಬುದು ಸತ್ಯವೇ. ಬಹುಕಾಲದಿಂದ ಸೇದುತ್ತಿರುವ ವಯಸ್ಕರು ಸಿಗರೇಟನ್ನು ಬಿಡುವುದಕ್ಕಾಗಿ ಇದನ್ನು ಬಳಸಬಹುದೆಂದು ಇಂಗ್ಲೆಂಡಿನ ವೈದ್ಯರು ಹೇಳುವುದೂ ಉಂಟು. ಆದರೆ ಹದಿನಾರರ ಹುಡುಗನಿಗೆ ಬಿಡಬೇಕಾದ ಸಿಗರೇಟು ಎಲ್ಲಿದೆ? ಅವನು ಈ ಮೆಟ್ಟಿಲಿನಿಂದ ಇಳಿಯುವವನಲ್ಲ, ಹತ್ತುವವನು. ನಿಕೋಟಿನ್ ಸೇದಿದ ಕೆಲವೇ ಕ್ಷಣಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಮನುಷ್ಯನ ಮೆದುಳು ಇಪ್ಪತ್ತೈದರ ಪ್ರಾಯದವರೆಗೂ ಬೆಳೆಯುತ್ತಲೇ ಇರುವುದರಿಂದ, ಆ ಬೆಳೆಯುವ ಕಾಲದಲ್ಲಿ ಬಿದ್ದ ಚಟದ ಬೇರು ಆಳಕ್ಕಿಳಿಯುತ್ತದೆ. ಕರ್ನಾಟಕವು 2016ರಲ್ಲಿಯೂ, ಕೇಂದ್ರ ಸರಕಾರವು 2019ರಲ್ಲಿಯೂ ಇದರ ಮಾರಾಟವನ್ನು ನಿಷೇಧಿಸಿದವು. ಕೇಂದ್ರದ ಕಾಯಿದೆಯಂತೆ ಮೊದಲ ಸಲ ಮಾರಿ ಸಿಕ್ಕಿಬಿದ್ದವನಿಗೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ ಉಂಟು. ಆದರೂ ಅದು ಕಳ್ಳದಾರಿಯಿಂದ ಕಾಲೇಜಿನ ಚೀಲಗಳನ್ನು ಸೇರುತ್ತಿದೆ.

ಹಾಗಾದರೆ ಮಾಡತಕ್ಕದ್ದೇನು? ಇದಕ್ಕೆ ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಅಪ್ಪಗಳು ತೋರಿದ ದಾರಿಯೊಂದಿದೆ. ಜಂಗಮನು ಜೋಳಿಗೆಯೊಡನೆ ಭಕ್ತರ ಬಾಗಿಲಿಗೆ ಬರುವುದು ನಾಡಿಗೆಲ್ಲ ಪರಿಚಿತವಾದ ಆಚಾರ. ಭಕ್ತರು ಅದರಲ್ಲಿ ಹಿಟ್ಟನ್ನೋ ಜೋಳವನ್ನೋ ಹಾಕುವರು. ಅಪ್ಪಗಳು 1975ರಲ್ಲಿ ಜೋಳಿಗೆಯನ್ನು ಹಿಡಿದು ಹೊರಟಾಗ ಕೇಳಿದ ಭಿಕ್ಷೆಯೇ ಬೇರೆ. ನಿಮ್ಮ ಚಟವನ್ನು ಹಾಕಿರೆಂದು ಅವರು ಕೇಳಿದರು. ಬೀಡಿಯ ಕಟ್ಟು, ಸಿಗರೇಟಿನ ಪೊಟ್ಟಣ, ಗುಟಕಾದ ಚೀಟಿಗಳು ಆ ಜೋಳಿಗೆಗೆ ಬಿದ್ದವು. ಅದರೊಡನೆ ಇನ್ನು ಮುಟ್ಟೆನೆಂಬ ವಚನವೂ ಬಿದ್ದಿತು. ಮಹಾಂತ ಜೋಳಿಗೆಯೆಂದು ಹೆಸರಾದ ಈ ಕಾರ್ಯವನ್ನು ಅವರು 2018ರಲ್ಲಿ ಲಿಂಗೈಕ್ಯರಾಗುವವರೆಗೂ ಬಿಡಲಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಈ ಜೋಳಿಗೆಯ ಮರ್ಮವನ್ನು ಸ್ವಲ್ಪ ವಿಚಾರಿಸಬೇಕು. ಚಟದವನನ್ನು ಬೈಯುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಹೆಂಡತಿ ಬೈದಿದ್ದಾಳೆ, ವೈದ್ಯನು ಬೈದಿದ್ದಾನೆ, ಪೊಟ್ಟಣದ ಮೇಲೆ ಅಚ್ಚಾದ ಘೋರಚಿತ್ರವೂ ಒಂದು ಬಗೆಯಲ್ಲಿ ಬೈಯುತ್ತಲೇ ಇದೆ. ಬೈಗುಳವನ್ನು ಕೇಳಿದವನು ಮೂಲೆಗೆ ಹೋಗಿ ಇನ್ನೊಂದನ್ನು ಹೊತ್ತಿಸುತ್ತಾನೆ. ಜೋಳಿಗೆ ಹಿಡಿದವರು ಬೈಯಲಿಲ್ಲ; ಬೇಡಿದರು. ಪಾದಕ್ಕೆರಗಿಸಿಕೊಳ್ಳತಕ್ಕ ಸ್ಥಾನದಲ್ಲಿದ್ದವರು ಬಾಗಿಲಲ್ಲಿ ನಿಂತು ಕೈಯೊಡ್ಡಿದಾಗ, ಮನೆಯ ಯಜಮಾನನು ಅಪರಾಧಿಯಾಗಿ ನಿಲ್ಲದೆ ದಾನಿಯಾಗಿ ನಿಂತನು. ಕೊಡುವವನ ಕೈ ಮೇಲಾಗುತ್ತದೆ. ಮಾತ್ರವಲ್ಲ, ಅವ್ವ, ಅಣ್ಣತಮ್ಮಂದಿರು, ಓಣಿಯವರೆಲ್ಲರ ಎದುರಿಗೆ ಕೊಟ್ಟದ್ದನ್ನು ಮರಳಿ ತೆಗೆದುಕೊಳ್ಳುವುದು ಸುಲಭವಲ್ಲ. ಕೆಲವು ವರ್ಷಗಳಿಂದ ಜಿಲ್ಲೆಜಿಲ್ಲೆಗಳಲ್ಲಿ ಶಾಲೆಯ ಮಕ್ಕಳು ಗುಲಾಬಿ ಆಂದೋಲನವೆಂಬ ಹೆಸರಿನಲ್ಲಿ ಬೀದಿಗೆ ಬಂದು, ಸೇದುವವರಿಗೂ ಮಾರುವವರಿಗೂ ಒಂದೊಂದು ಗುಲಾಬಿಯನ್ನು ಕೊಟ್ಟು ಬಿಡಿರೆಂದು ಬೇಡಿಕೊಳ್ಳುತ್ತಾರಷ್ಟೆ. ಜೋಳಿಗೆಯ ನೀತಿಯೇ ಅಲ್ಲಿ ಹೂವಾಗಿ ಬಂದಿದೆ. ಆದರೆ ಒಂದು ಬೆಳಗಿನ ಮೆರವಣಿಗೆ, ಒಂದು ಭಾವಚಿತ್ರ, ಅಲ್ಲಿಗೆ ಮುಗಿಯಿತೆಂಬಂತೆ ನಡೆದರೆ ಆ ಹೂವು ಸಂಜೆಗೆ ಬಾಡುವುದು.

ಮಾರುವವರ ಮಾತು ಬಂದುದರಿಂದ, ಹೇಳಲು ಕಷ್ಟವಾದ ವಿಷಯವೊಂದನ್ನು ಮರೆಮಾಡದೆ ಹೇಳಬೇಕಾಗಿದೆ. ಸಮಾಜದ ಅನೇಕ ಕುಟುಂಬಗಳಿಗೆ ವ್ಯಾಪಾರವೇ ಜೀವನ. ಕಿರಾಣಿ ಅಂಗಡಿಯ ಗೋಡೆಯ ಮೇಲೆ ಬಸವಣ್ಣನವರ ಪಟ, ಅದಕ್ಕೆ ನಿತ್ಯ ಊದಿನಕಡ್ಡಿ. ಪಟದ ಕೆಳಗೆ ಚೀಟಿಗಳ ಸರ, ಸಿಗರೇಟಿನ ಪೆಟ್ಟಿಗೆ. ಶಾಲೆ ಬಿಟ್ಟೊಡನೆ ಹುಡುಗನೊಬ್ಬನು ಬಂದು ಒಂದು ಸಿಗರೇಟು ಕೇಳುತ್ತಾನೆ, ಅಪ್ಪನಿಗೆಂದು ಹೇಳುತ್ತಾನೆ. ಯಾರಿಗೆಂಬುದು ವ್ಯಾಪಾರಿಗೂ ಗೊತ್ತು. ಕಾಯಕವೇ ಕೈಲಾಸವೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ದುಡಿದುದೆಲ್ಲ ಕಾಯಕವೆಂದು ಶರಣರು ಒಪ್ಪಲಿಲ್ಲ, ಅದು ಸತ್ಯಶುದ್ಧವಾಗಿರಬೇಕೆಂದರು. ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಅವರ ಸತಿ ಲಕ್ಕಮ್ಮನವರು ಒಲೆಯ ಮೇಲೆ ಎಸರಿಡಲಿಲ್ಲ. ಮಿಕ್ಕಿದ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರಬೇಕೆಂದರು. ಆ ಅಕ್ಕಿ ಕದ್ದುದಲ್ಲ, ಯಾರಿಗೂ ನೋವುಮಾಡಿ ತಂದುದೂ ಅಲ್ಲ. ಅಗತ್ಯಕ್ಕಿಂತ ಹೆಚ್ಚಾಗಿತ್ತೆಂಬುದಷ್ಟೇ ದೋಷ. ಅಂಥ ಅಕ್ಕಿಯೇ ದಾಸೋಹಕ್ಕೆ ಸಲ್ಲದಿದ್ದ ಮೇಲೆ, ನೆರೆಯವನ ಮಗನ ಉಸಿರನ್ನು ಮಾರಿ ಬಂದ ಹಣದಿಂದ ಕೊಂಡ ಅಕ್ಕಿ ಸಲ್ಲುವುದೆ? ಈ ಪ್ರಶ್ನೆಯನ್ನು ಮಠದವರು ಕೇಳುವುದಕ್ಕಿಂತ ಮನೆಯ ಅಕ್ಕನವರು, ರಾತ್ರಿ ಗಲ್ಲೆಯ ಹಣ ಎಣಿಸುವ ಹೊತ್ತಿಗೆ ಕೇಳುವುದು ಹೆಚ್ಚು ಫಲಕಾರಿ. ಹುಣಸೂರು, ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ರೈತನ ಸಂಗತಿ ಇದಕ್ಕಿಂತ ತೊಡಕಿನದು. ಬೇರೆ ಬೆಳೆಗೆ ಖಚಿತವಾದ ಬೆಲೆ ದೊರೆಯುವವರೆಗೆ ಅವನನ್ನು ನಿಂದಿಸುವ ಹಕ್ಕು ಯಾರಿಗೂ ಇಲ್ಲ. ಅಂಗಡಿಯವನಿಗಾದರೋ ಮಾರಲು ಬೇರೆ ಸಾಮಾನುಗಳು ನೂರು ಇವೆ.

ಮಗನ ಚೀಲದಲ್ಲಿ ಆ ಪೆನ್ನಿನಂಥ ವಸ್ತು ಸಿಕ್ಕಿತೆಂದು ಭಾವಿಸೋಣ. ಮೊದಲು ಏಳುವುದು ತಂದೆಯ ಕೈ. ಆ ಕೈಯ ಬೆರಳುಗಳಲ್ಲಿ ಬೀಡಿಯ ಹಳದಿ ಕಲೆಯಿದ್ದರೆ ಪೆಟ್ಟು ಬಿದ್ದರೂ ಬುದ್ಧಿ ನಾಟದು. ತಂದೆಯು ತನ್ನ ಬೀಡಿಯ ಕಟ್ಟನ್ನು ತಂದು ಆ ವಸ್ತುವಿನ ಪಕ್ಕದಲ್ಲಿರಿಸಿ, “ತಮ್ಮಾ, ನಂದೂ ಇಲ್ಲೇ ಐತಿ, ಇಬ್ಬರೂ ಕೂಡಿ ಬಿಡೋಣು” ಎಂದರೆ ಹುಡುಗನು ತಲೆಯೆತ್ತಿ ನೋಡುವನು. ಬಿಡುವುದು ಆಟದ ಮಾತಲ್ಲವೆಂಬುದನ್ನು ಮನೆಯವರೆಲ್ಲರೂ ತಿಳಿದಿರಬೇಕು. ಮೊದಲ ಮೂರು ದಿನ ತಲೆನೋವು, ಸಿಟ್ಟು, ನಿದ್ದೆಗೇಡುಗಳು ಅಧಿಕ. ಎರಡು ನಾಲ್ಕು ವಾರಗಳಲ್ಲಿ ಅವು ತಗ್ಗುತ್ತವೆ. ಆ ದಿನಗಳಲ್ಲಿ ಅಡುಗೆಮನೆಯಿಂದ ಬರುವ ಒಂದು ಲೋಟ ಮಜ್ಜಿಗೆ ಉಪದೇಶಕ್ಕಿಂತ ಮೇಲು. ತಡೆಯಲಾರದವರು ಬೆಂಗಳೂರಿನ ನಿಮ್ಹಾನ್ಸ್‌ನ ಸಲಹೆಗಾರರೊಡನೆ ತಂಬಾಕು ತ್ಯಜಿಸುವವರಿಗಾಗಿಯೇ ಇರುವ 1800-112-356 ಎಂಬ ಉಚಿತ ದೂರವಾಣಿಯ ಮೂಲಕ ಕನ್ನಡದಲ್ಲಿಯೇ ಮಾತಾಡಬಹುದು. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಬಿಟ್ಟು ಒಂದು ವರ್ಷವಾದವನಿಗೆ ಧೂಮಪಾನದಿಂದ ಹೆಚ್ಚಿದ ಹೃದ್ರೋಗದ ಭಯ ಅರ್ಧಕ್ಕೆ ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ.

ಮಾತು ಕೊಟ್ಟು ತಪ್ಪುವವರೂ ಇರುತ್ತಾರೆ. ಒಂದೇ ಸಲಕ್ಕೆ ಬಿಟ್ಟವರಿಗಿಂತ ಮೂರು ನಾಲ್ಕು ಸಲ ಬಿಟ್ಟು, ಬಿದ್ದು, ಮತ್ತೆ ಬಿಟ್ಟವರೇ ಹೆಚ್ಚು. ಅಂಥವನು ಮುಂದಿನ ಶ್ರಾವಣದಲ್ಲಿ ಜೋಳಿಗೆಯು ಓಣಿಯ ತಿರುವಿನಲ್ಲಿ ಕಂಡೊಡನೆ ಹಿತ್ತಿಲ ಬಾಗಿಲಿನಿಂದ ಹೊರಟುಹೋಗಬೇಕಾಗಿಲ್ಲ. ಹೋದ ವರ್ಷ ಏನು ಹಾಕಿದೆಯೆಂದು ಜೋಳಿಗೆ ಕೇಳುವುದಿಲ್ಲ. ಜೇಬಿನಲ್ಲಿರುವುದನ್ನು ತೆಗೆದು ಮತ್ತೊಮ್ಮೆ ಹಾಕಬಹುದು.