ಒಂದು ಕಡೆಯ ರೆಕ್ಕೆ

ಹಿಂದೂಪುರದ ಸುತ್ತಿನ ಹಳ್ಳಿಗಳಲ್ಲಾಗಲಿ, ಅತ್ತ ಕಲ್ಯಾಣದುರ್ಗದ ಕಡೆಯಾಗಲಿ, ನಾಟಿ ಕೋಳಿಯನ್ನು ಹಗಲಲ್ಲಿ ಕೂಡಿಹಾಕುವ ರೂಢಿ ಹಿಂದೆ ಕಡಿಮೆ. ಗೂಡು ಇದ್ದದ್ದು ರಾತ್ರಿಗೆ, ಕಾಡುಬೆಕ್ಕಿಗೆ ಹೆದರಿ. ಬೆಳಗಾದರೆ ಬಾಗಿಲು ತೆಗೆದರಾಯಿತು. ಕೋಳಿ ತಿಪ್ಪೆ ಕೆದರಿ, ಹಿತ್ತಲೆಲ್ಲ ಅಲೆದು, ಹೊತ್ತು ಮುಳುಗುವಾಗ ತಾನೇ ಬರುತ್ತಿತ್ತು. ಸಂತೆಯಿಂದ ಹೊಸ ಹೇಂಟೆ ತಂದರೆ ಮಾತ್ರ ಕೆಲವು ದಿನ ಕಾಲಿಗೆ ದಾರ ಕಟ್ಟುತ್ತಿದ್ದರು, ಇಲ್ಲವೇ ಮಂಕರಿ ಕವುಚುತ್ತಿದ್ದರು. ಮನೆ ಗುರುತಾದ ಮೇಲೆ ದಾರ ಬಿಚ್ಚುತ್ತಿದ್ದರು. ಈಗ ಸೈಟು ಚಿಕ್ಕದು, ಗೋಡೆಯಾಚೆ ಪಕ್ಕದವರ ಸೊಪ್ಪಿನ ಮಡಿ, ಬಾಗಿಲ ಮುಂದೆ ಬೈಕುಗಳು. ಹಗಲಿಗೂ ಬೇಲಿ ಬಂತು. ರಾತ್ರಿಯ ಗೂಡು ಕೋಳಿಯನ್ನು ಕಾಯುತ್ತಿತ್ತು. ಹಗಲಿನ ಬೇಲಿ ಹೆಚ್ಚಾಗಿ ಕಾಯುವುದು ನೆರೆಹೊರೆಯ ಜೊತೆಗಿನ ನಮ್ಮ ಮಾತುಕತೆಯನ್ನು.

ಬೇಲಿ ಹಾರುವ ಕೋಳಿಗೆ ಎಲ್ಲರೂ ಹೇಳುವ ಮದ್ದು ಕತ್ತರಿ. ಒಂದೇ ಕಡೆಯ ರೆಕ್ಕೆ ಬಿಡಿಸಿ, ತುದಿಯ ಹತ್ತು ಉದ್ದ ಗರಿಗಳನ್ನು ಕತ್ತರಿಸುತ್ತಾರೆ. ಎರಡೂ ಕಡೆ ಕತ್ತರಿಸಿದರೆ ಸಮತೋಲ ಉಳಿದು ಹೇಗೋ ಹಾರೀತು. ಒಂದೇ ಕಡೆಯಾದರೆ ಮೇಲೆದ್ದ ಕೂಡಲೇ ಮೈ ವಾಲುತ್ತದೆ. ಬಲಿತ ಗರಿಯನ್ನು ಕತ್ತರಿಸಿದರೆ ಉಗುರು ಕತ್ತರಿಸಿದಷ್ಟೇ, ನೋವಿಲ್ಲ. ಆದರೂ ನನಗೆ ಲೇಪಾಕ್ಷಿಯ ನೆನಪಾಗುತ್ತದೆ; ಅದು ಹಿಂದೂಪುರದಿಂದ 15 ಕಿಲೋಮೀಟರ್ ದೂರದಲ್ಲಿದೆ. ರಾವಣ ರೆಕ್ಕೆ ಕಡಿದಾಗ ಜಟಾಯು ಬಿದ್ದದ್ದು ಅಲ್ಲೇ ಎಂದು ಜನ ನಂಬುತ್ತಾರೆ. ಆ ಕಥೆ ಕೇಳಿ ಬೆಳೆದವರ ಕೈ ಕತ್ತರಿ ಹಿಡಿದಾಗ ಒಂದು ಗಳಿಗೆ ತಡೆಯಬೇಕು ಎಂದು ನನಗನಿಸುತ್ತದೆ. ನೋವಿಲ್ಲ ಎಂಬ ಮಾತ್ರಕ್ಕೆ ನಷ್ಟವಿಲ್ಲ ಎಂದಾಗುವುದಿಲ್ಲ.

ಏನು ನಷ್ಟ? ಕೋಳಿಯ ರೆಕ್ಕೆ ದೂರ ಹೋಗಲಿಕ್ಕೆ ಇರುವುದೇ ಅಲ್ಲ. ಅದರ ಎದೆಯ ಬಿಳಿ ಮಾಂಸ ಒಮ್ಮೆಲೇ ಬಲ ಕೊಟ್ಟು ಬೇಗ ದಣಿಯುತ್ತದೆ. ಅದರ ಪೂರ್ವಜನಾದ ಕೆಂಪು ಕಾಡುಕೋಳಿಯೂ ಹಾಗೆಯೇ: ಅಪಾಯ ಕಂಡರೆ ಭರ್ರನೆ ಮೇಲೇಳುತ್ತದೆ, ಕತ್ತಲಾದರೆ ಕೊಂಬೆಯೇರಿ ಮಲಗುತ್ತದೆ. ಭಯಕ್ಕೂ ನಿದ್ದೆಗೂ ಬೇಕಾದ ಎತ್ತರ, ಅಷ್ಟೇ ಅದರ ಹಾರಾಟ. ನಾವು ಅದನ್ನು ಓಡಿಹೋಗುವ ಬುದ್ಧಿ ಎಂದು ತಿಳಿದುಬಿಟ್ಟಿದ್ದೇವೆ.

ಗೋಡೆ ಹಾರುವ ಮುಂಚೆ ಹೇಂಟೆಯನ್ನು ಗಮನಿಸಿ. ತಲೆ ಓರೆ ಮಾಡಿ ಒಂದೇ ಕಣ್ಣಲ್ಲಿ ಗೋಡೆಯ ಅಂಚು ನೋಡುತ್ತದೆ, ಕತ್ತು ಉದ್ದ ಮಾಡುತ್ತದೆ, ಮೈ ಕುಗ್ಗಿಸಿ ಜಿಗಿಯುತ್ತದೆ. ಮೊದಲು ಅಂಚಿನ ಮೇಲೆ ಕೂರುತ್ತದೆ, ಆಚೆ ಇಳಿಯುವುದು ಆಮೇಲೆ. ಕಾಲೂರಲು ಅಂಚೇ ಕಾಣದಿದ್ದರೆ ಬಹಳ ಕೋಳಿಗಳು ಯತ್ನಿಸುವುದೇ ಇಲ್ಲ. ಅದಕ್ಕೇ ಬೇಲಿಯ ಮೇಲೆ ಅಡ್ಡಪಟ್ಟಿ ಹಾಕದೆ ಬಲೆಯನ್ನು ಸಡಿಲವಾಗಿ ಬಿಡುವುದು ಒಳ್ಳೆಯದು. ಒಳಗೇ ಎತ್ತರದಲ್ಲಿ ಒಂದು ಅಡ್ಡಗೋಲು, ಬೇವಿನ ನೆರಳು, ಕೆದರಲು ಪುಡಿಮಣ್ಣು, ಒತ್ತೊತ್ತಾಗದಷ್ಟು ಜಾಗ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಹುಂಜದ ಕಾಟಕ್ಕೆ ಹಾರುವ ಹೇಂಟೆಗಳೂ ಇವೆ; ಅಲ್ಲಿ ಬೇಲಿ ಎತ್ತರಿಸಿ ಏನು ಬಂತು? ಗಿರಿರಾಜದಂಥ ತೂಕದ ತಳಿ ಸಾಕಿದವರಿಗೆ ಈ ಚಿಂತೆ ಕಡಿಮೆ. ಹಗುರ ಮೈಯ ನಾಟಿಯದ್ದೇ ಪ್ರಶ್ನೆ.

ಕತ್ತರಿ ಹಿಡಿಯಲೇಬೇಕಾದ ಮನೆಗಳು ಇಲ್ಲವೆನ್ನುವುದಿಲ್ಲ. ಹೆದ್ದಾರಿಯ ಪಕ್ಕದಲ್ಲಿರುವವರಿಗೆ ನಾನು ಬೇಡ ಎನ್ನಲಾರೆ. ಅಂಥವರು ಬೇಲಿಯ ಬುಡವನ್ನು ಭದ್ರಮಾಡಿ, ಮೇಲೆಯೂ ಬಲೆ ಹೊದಿಸಬೇಕು. ನಾಯಿ ಬಂದರೆ ಮೇಲೇರುವ ದಾರಿ ಗರಿ ಕತ್ತರಿಸಿದ ಕೋಳಿಗೆ ಈಗಿಲ್ಲವಲ್ಲ.

ವರ್ಷಕ್ಕೊಮ್ಮೆ ಹಳೆಯ ಗರಿ ಉದುರಿ ಹೊಸದು ಬರುತ್ತದೆ. ಎಳೆಗರಿಯ ದಂಟಿನಲ್ಲಿ ರಕ್ತವಿರುವುದರಿಂದ ಆಗ ಕತ್ತರಿ ತಾಗಿಸಬಾರದು. ಬಲಿತ ಮೇಲೂ ಒಂದೆರಡು ವಾರ ಸುಮ್ಮನೆ ನೋಡಿ. ಎರಡೂ ರೆಕ್ಕೆ ಇದ್ದು ಒಳಗೇ ಉಳಿದರೆ ಆ ವರ್ಷ ಕತ್ತರಿ ಬೇಕಿಲ್ಲ.