ಮಗುವಿನ ಏಕಾಂತ ಕ್ರೀಡೆ

ಹೆಡತಲೆಯ ಜಗಲಿಯೊಂದರಲ್ಲಿ ಮೂರು ವರ್ಷದ ಮಗು ಚಿಪ್ಪಿಗೆ ಮಣ್ಣು ತುಂಬಿ ಸುರಿಯುತ್ತ ಒಂಟಿಯಾಗಿ ಆಡುತ್ತಿದ್ದರೆ, ‘ಪಾಪ, ಜೊತೆಗಾರರಿಲ್ಲ’ ಎಂದು ಹಿರಿಯರು ಎತ್ತಿಕೊಳ್ಳುವುದುಂಟು. ವಾತ್ಸಲ್ಯವೇ ಸರಿ, ಆದರೆ ಒದ್ದೆಮಣ್ಣು ನಿಲ್ಲುವುದನ್ನೂ ಒಣಮಣ್ಣು ಜಾರುವುದನ್ನೂ ಅದು ತಾನೇ ಕಂಡುಕೊಳ್ಳುತ್ತಿದ್ದ ತನ್ಮಯತೆಗೆ ಭಂಗ ಬರುತ್ತದೆ.

ಜೊತೆಗಾರರು ಅಂಗನವಾಡಿಯಲ್ಲಿ ದೊರೆಯುತ್ತಾರೆ, ನೆರೆಯ ತಿ. ನರಸೀಪುರದಲ್ಲಿಯೇ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಮನೆಯಲ್ಲಿ ದೊರೆಯಬೇಕಾದುದು ಏಕಾಂತ.

ಭಗವತೀಸೂತ್ರದ ಬಾಲಮುನಿ ಅತಿಮುಕ್ತಕನು ಮಳೆನೀರಿಗೆ ಮಣ್ಣಿನ ಕಟ್ಟೆ ಕಟ್ಟಿ ತನ್ನ ಪಾತ್ರೆಯನ್ನು ದೋಣಿಯಂತೆ ತೇಲಿಬಿಟ್ಟನು. ಸ್ಥವಿರರು ಶಂಕಿಸಿದರು. ಅವನು ಅದೇ ಭವದಲ್ಲಿ ಸಿದ್ಧನಾಗುವನು, ಹಳಿಯಬೇಡಿರೆಂದರು ಮಹಾವೀರಸ್ವಾಮಿಗಳು. ಮುನಿಗೆ ಆ ಆಟ ದೋಷವೇ. ಆದರೂ ಬಾಲಕನು ತಿರಸ್ಕಾರಕ್ಕೆ ಗುರಿಯಾಗಲಿಲ್ಲ.

ಏಕಾಂತವೆಂದರೆ ಉಪೇಕ್ಷೆಯಲ್ಲ, ಮಗು ಕಣ್ಣಳತೆಯಲ್ಲಿರಬೇಕು, ಕರೆದರೆ ಓಗೊಡುವವರಿರಬೇಕು. ಕೈಗೆ ಮೊಬೈಲ್ ಕೊಟ್ಟು ಕೂರಿಸುವುದಂತೂ ಏಕಾಂತವೇ ಅಲ್ಲ. ಅನ್ನ ಆರುತ್ತಿರುವಾಗಲೂ ಚಿಪ್ಪು ತುಂಬುವವರೆಗೆ ಬಾಗಿಲಲ್ಲಿ ಸುಮ್ಮನೆ ನಿಲ್ಲುವುದು ತಾಯಿಗೆ ಸುಲಭದ ಸಂಯಮವಲ್ಲ.